ಬೋರ್‌ವೆಲ್‌ಗೆ ಬೆಲ್ಲದ ನೀರು

ಸೋಲದೇವನಹಳ್ಳಿಯ ನಮ್ಮ ಲೇಔಟಿನ ಬೋರ್‌ವೆಲ್‌ನಲ್ಲಿ ಹಳದಿ ನೀರು ಬರುತ್ತಿತ್ತು. ಅದು ಕ್ರೋಮಿಯಂ ವಿಷ, ಒಳಗೆ ಬ್ಯಾಕ್ಟೀರಿಯಾಗಳನ್ನು ಬಿಟ್ಟರೆ ಅವು ಅದನ್ನು ಇಳಿಸುತ್ತವೆ ಎಂದು ಹೇಳಿಕೊಂಡು ಬಂದವರು ಧಾರವಾಡ ಕಡೆಯ ಒಬ್ಬ ಕಾಲೇಜು ಮೇಷ್ಟ್ರು. ಟ್ಯಾಂಕರಿಗೆ ಕಾದು ಸಾಕಾಗಿದ್ದ ನಾವು ಒಪ್ಪಿದೆವು.

ಬಿಟ್ಟ ಬ್ಯಾಕ್ಟೀರಿಯಾಗಳಿಗೆ ಆಹಾರವೆಂದು ಅವರು ದಿನಾ ಬೆಳಿಗ್ಗೆ ಒಂದು ಬಕೆಟ್ ಬೆಲ್ಲದ ನೀರು ತಂದು ಬೋರ್‌ವೆಲ್‌ಗೆ ಹುಯ್ಯುವರು. ಆಮೇಲೆ ಬಗ್ಗಿ, ಪೈಪಿಗೆ ಕಿವಿಗೊಟ್ಟು ನಿಲ್ಲುವರು. ಏನು ಕೇಳಿಸುತ್ತಿತ್ತೋ ದೇವರಿಗೇ ಗೊತ್ತು. ಕಾಫಿಗೆ ಕರೆದರೆ ಪೈಪಿನ ಕಡೆ ಕೈ ತೋರಿಸಿ, "ಮೊದ್ಲ ಅವರದು ಊಟ ಆಗ್ಲಿ ತಡೀರಿ" ಎನ್ನುವರು. ಜೇಬಿನಲ್ಲಿ ಸದಾ ಒಂದು ಸೀಸೆ ನೀರು. ಸಿಕ್ಕವರ ಮುಂದೆ ಅದನ್ನು ಬಿಸಿಲಿಗೆ ಹಿಡಿದು, "ಬಣ್ಣ ಇಳದೈತಿ ನೋಡ್ರಿ" ಎನ್ನುವರು. ನಮಗೇನೂ ಇಳಿದಂತೆ ಕಾಣುತ್ತಿರಲಿಲ್ಲ.

ಆಯುಧಪೂಜೆಯ ಹೊತ್ತಿಗೆ ಬಣ್ಣ ನಿಜಕ್ಕೂ ಇಳಿದಿತ್ತು. ಆ ಖುಷಿಗೆ, ಲೇಔಟಿನ ಸೆಕ್ರೆಟರಿಯಾದ ನಾನು ಪಂಪು ತೊಳೆಸಿ, ಕುಂಕುಮ ಹಚ್ಚಿಸಿ, ಒಳಗೂ ಶುದ್ಧವಾಗಿರಲಿ ಎಂದು ಎರಡು ಡಬ್ಬ ಬ್ಲೀಚಿಂಗ್ ಪೌಡರ್ ಸುರಿಸಿದೆ.

ಮೇಷ್ಟ್ರು ಬಕೆಟ್ ಹಿಡಿದು ಬಂದರು. ಬಗ್ಗಿದವರು ಮೂಗು ಹಿಂದಕ್ಕೆಳೆದುಕೊಂಡರು.

"ಏನ್ ಹಾಕೀರಿ ಇದಕ್ಕ?"

"ಬ್ಲೀಚಿಂಗ್, ಸಾರ್. ಹಬ್ಬ ಅಲ್ವಾ, ಕ್ಲೀನ್ ಮಾಡಿಸ್ದೆ. ಒಂದ್ ಹುಳಾನೂ ಇರಲ್ಲ."

ಅವರು ಬೈಯಲಿಲ್ಲ. ಬಕೆಟ್ ಕೆಳಗಿಟ್ಟು, ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ ಕೈಮುಗಿದು ನಿಂತರು. ಮೇಷ್ಟ್ರಿಗೂ ಭಕ್ತಿ ಬಂತಲ್ಲ ಎಂದು ನಾನು ಉತ್ಸಾಹದಿಂದ ಗಂಟೆ ಬಾರಿಸತೊಡಗಿದೆ.

"ಗಂಟಿ ನಿಲ್ಲಸ್ರಿ," ಎಂದರು ಮೆಲ್ಲಗೆ. "ಇದು ಸತ್ತ ಮನಿ."