ಸೀಸದ ಮುದ್ರೆ ಕಿತ್ತ ಉಡಚಮ್ಮ

ಗಂಡ ಸತ್ತಾಗ ಹೊನ್ನಾಳಿಯ ಉಡಚಮ್ಮನ ಪಾಲಿಗೆ ಉಳಿದದ್ದು ಒಂದು ಬಸ್ಸು, ಮತ್ತು ಬಸ್ಸು ನಡೆಸುವುದು ಹೆಂಗಸಿನ ಕೆಲಸವಲ್ಲ ಎನ್ನುವ ಮೈದುನ ಮಾರಪ್ಪ. ಬಸ್ಸನ್ನು ಇಟ್ಟುಕೊಂಡಳು, ಮೈದುನನ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಚನ್ನಗಿರಿಗೂ ಹೊನ್ನಾಳಿಗೂ ದಿನಾ ಡ್ರೈವರನ ಪಕ್ಕ ಕೂತು ತಾನೇ ಟಿಕೆಟು ಹರಿದುಕೊಡುತ್ತಿದ್ದಳು.

ಎರಡನೇ ಮಹಾಯುದ್ಧದ ಕಾಲ. ಒಂದು ದಿನ ಚನ್ನಗಿರಿ ಪೇಟೆಯಲ್ಲಿ ಬಸ್ಸು ಹಬೆಯಾಡಿ ನಿಂತಿತು. ಇಂಜಿನ್ನಿಗೆ ನೀರು ಹಾಯಿಸುವ ಪಂಪು ಸವೆದಿತ್ತು. ಗಾಡಿ ಮಾರಿದ ಕಂಪನಿಯ ಏಜೆಂಟರು ದಾವಣಗೆರೆಯಿಂದ ಬಂದರು, ನೋಡಿದರು, ಇಂಜಿನ್ನಿಗೆ ತಂತಿ ಸುತ್ತಿ ಸೀಸದ ಮುದ್ರೆ ಒತ್ತಿದರು.

"ಸಾಮಾನು ವಿಲಾಯಿತಿಯಿಂದ ಬರಬೇಕಮ್ಮ. ಅಲ್ಲಿತನಕ ಬೇರೆ ಯಾರಾದರೂ ಕೈ ಹಾಕಿದರೆ ಈ ಗಾಡಿ ನಮ್ಮ ಬಾಗಿಲಿಗೆ ತರಬೇಡಿ."

"ಯಾವಾಗ ಬರ್ತೈತ್ರೀ?"

"ಹಡಗು ಬಂದಾಗ."

ಹಡಗು ಬರುವ ತನಕ ಹೊಟ್ಟೆ ಕಾಯುವುದಿಲ್ಲ. ಸರ್ಕಾರವೂ ಕಾಯುವುದಿಲ್ಲ, ತಿಂಗಳೊಪ್ಪತ್ತು ಬಸ್ಸು ಓಡದಿದ್ದರೆ ಪರ್ಮಿಟ್ಟು ಬೇರೆಯವರ ಪಾಲು. ಮಾರಪ್ಪ ಆಗಲೇ ಬಸ್ಸಿಗೆ ಗಿರಾಕಿ ಹುಡುಕಿದ್ದ. ಉಡಚಮ್ಮನಿಗೆ ಮೈಯೆಲ್ಲ ಉರಿಯಿತು.

ಕಬ್ಬಿನ ಗಾಣ ರಿಪೇರಿ ಮಾಡುವ ಲಾಲ್‌ಸಾಬರನ್ನು ಕರೆಸಿದಳು. ಅವರು ಮುದ್ರೆ ನೋಡಿ ಹಿಂದೆ ಸರಿದರು.

"ಅಕ್ಕಾ, ಸುಳ್ಳು ಯಾಕೆ ಹೇಳ್ಲಿ, ಇಂಥ ಇಂಜಿನ್ನು ನಾನು ಬಿಚ್ಚಿಲ್ಲ. ಸವೆದ ಪಂಪಿನ ಬದಲಿಗೆ ಹಿತ್ತಾಳೆ ಎರಕ ಹೊಯ್ದು ಕೂರಿಸಾಕೆ ನೋಡ್ತೀನಿ. ನಡದ್ರೂ ನಡೀತು, ಕೆಟ್ರೂ ಕೆಡ್ತು."

"ಕೆಟ್ರೆ ನನ್ನ ಬಸ್ಸು ಕೆಡ್ತೈತೆ, ಅವರಪ್ಪನ ಗಂಟೇನು ಹೋಗ್ತೈತೆ?" ಎಂದವಳೇ ಎಲೆಯಡಿಕೆ ಸಂಚಿಯಿಂದ ಅಡಕೊತ್ತು ತೆಗೆದು, ಪೇಟೆಯ ಜನರೆದುರೇ ತಂತಿಯನ್ನು ಕಚಕ್ಕನೆ ಕತ್ತರಿಸಿದಳು. ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳು. ಆದರೂ ಕಿತ್ತು ಬಂದ ಮುದ್ರೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ಮೊದಲನೇ ಸಲ ಪಂಪು ಸೋರಿತು. ಮಾರಪ್ಪ ಹಲ್ಲು ಕಿಸಿದ. ಲಾಲ್‌ಸಾಬರು ತಮ್ಮನ್ನೇ ಬೈದುಕೊಂಡು ಮತ್ತೆ ಎರಕ ಹೊಯ್ದರು. ಈ ಸಲ ಬಸ್ಸು ಕರಕರ ಸದ್ದು ಮಾಡುತ್ತಾ ಹೊನ್ನಾಳಿ ಮುಟ್ಟಿತು. ಆ ಸದ್ದು ಕೊನೆಯತನಕ ಹೋಗಲಿಲ್ಲ. ಜನ ಆಡಿಕೊಂಡರು, ಆಡಿಕೊಂಡವರೇ ಹತ್ತಿ ಕೂತರು.

ಬೇಸಿಗೆ ಕಳೆದ ಮೇಲೆ ಏಜೆಂಟರು ದಾರಿಯಲ್ಲಿ ಬಸ್ಸು ತಡೆದು ಬಾನೆಟ್ ಎತ್ತಿಸಿದರು. ಹಿತ್ತಾಳೆ ಕಂಡದ್ದೇ ಅವರ ಮುಖ ಕೆಂಪಾಯಿತು.

"ಇನ್ನು ಮೇಲೆ ಇದು ಕಂಪನಿ ಗಾಡಿ ಅಲ್ಲಮ್ಮ. ತಿಳೀತಾ?"

ಉಡಚಮ್ಮ ಬಾಯಲ್ಲಿದ್ದ ಎಲೆಯಡಿಕೆಯನ್ನು ಪಕ್ಕಕ್ಕೆ ಉಗಿದಳು.

"ತಿಳೀತ್ರೀ. ದುಡ್ಡು ಕೊಟ್ಟು ತಂದಾಗ ನಂದಾಗಿರಲಿಲ್ಲ, ಇವತ್ತು ನಂದಾತು. ದಾರಿ ಬಿಡ್ರಿ, ಜನಕ್ಕೆ ಹೊತ್ತಾಗ್ತೈತೆ."