ವಾರ್ಮಪ್ಪಿಗೆ ಯಾವ ಅಂಗಿ?

ಊರವರು ಅವನಿಗಿಟ್ಟ ಹೆಸರು ಪೀಪಿ. ವಾರದ ಆರು ದಿನ ಮನೆಮನೆಗೆ ಹೋಗಿ ನೀರಿನ ಮೀಟರ್ ಓದುತ್ತಿದ್ದ. ಭಾನುವಾರ ಪೀಪಿ ಊದಿಕೊಂಡು ಇಪ್ಪತ್ತೆರಡು ಜನ ಫುಟ್‌ಬಾಲ್ ಆಟಗಾರರ ಹಿಂದೆ ಓಡುತ್ತಿದ್ದ. ಮೀಟರ್ ಓದಲು ಹೋದರೆ ನಾಯಿ ಅಟ್ಟಿಸಿಕೊಂಡು ಬರುತ್ತಿತ್ತು, ಮೈದಾನಕ್ಕೆ ಹೋದರೆ ಜನ ಬಾಯಿಗೆ ಬಂದಂತೆ ಬೈಯುತ್ತಿದ್ದರು. ಹತ್ತೊಂಬತ್ತು ವರ್ಷದಲ್ಲಿ ಎರಡೂ ಅಭ್ಯಾಸವಾಗಿಹೋಗಿತ್ತು.

ಇಷ್ಟಾದರೂ ಪಾಪ, ಮೂರನೇ ದರ್ಜೆಯ ರೆಫರಿಯಾಗಿಯೇ ಉಳಿದಿದ್ದ. ನಲವತ್ತೈದು ತುಂಬಿದವರಿಗೆ ಬಡ್ತಿ ಇಲ್ಲ ಎಂಬುದು ಫುಟ್‌ಬಾಲ್ ಸಂಘದ ಕಟ್ಟಳೆ. ಅವನಿಗೆ ನಲವತ್ತೈದು ತುಂಬಲು ಇನ್ನು ಎರಡೇ ತಿಂಗಳು. ಈ ಭಾನುವಾರ ರೆಫರಿಗಳಿಗೆ ಅಂಕ ಹಾಕುವ ಸಾಹೇಬರು ಬರುವವರಿದ್ದರು. ಅವರು ಮನಸ್ಸು ಮಾಡಿದರೆ ಎರಡನೇ ದರ್ಜೆ, ಇಲ್ಲದಿದ್ದರೆ ಆ ಆಸೆಗೆ ಎಳ್ಳುನೀರು.

ಅಂಥ ಹೊತ್ತಿಗೆ ಸರಿಯಾಗಿ ಶುಕ್ರವಾರ ಸಂಘದ ಸುತ್ತೋಲೆ ಬಂತು. ಪಂದ್ಯಕ್ಕೆ ಮುಂಚೆ ವಾರ್ಮಪ್ ಮಾಡುವಾಗ ರೆಫರಿಗಳು ಪಂದ್ಯದ ಕಪ್ಪು ಅಂಗಿ ತೊಡತಕ್ಕದ್ದಲ್ಲ. ಎರಡು ತಂಡಗಳ ಬಣ್ಣವನ್ನೂ ತೊಡತಕ್ಕದ್ದಲ್ಲ. ರೆಫರಿ, ಇಬ್ಬರು ಬಾವುಟದವರು, ಮೂವರೂ ಒಂದೇ ಬಗೆಯದನ್ನು ತೊಡತಕ್ಕದ್ದು. ಸ್ವಂತ ಉಡುಪು ಸಲ್ಲದು. ಸಂಘದಿಂದ ಉಡುಪು ಒದಗಿಸಲಾಗುವುದಿಲ್ಲ.

ಪೀಪಿ ಅದನ್ನು ನಾಲ್ಕು ಸಲ ಓದಿದ. ತಲೆಬುಡ ಅರ್ಥವಾಗಲಿಲ್ಲ. "ಅಲ್ಲಾ, ನಮ್ದೂ ಆಗ್ಬಾರ್ದು, ಅವ್ರೂ ಕೊಡಲ್ಲ ಅಂದ್ರೆ ಬರೀ ಮೈಯಲ್ಲಿ ಓಡ್ಬೇಕಾ?" ಎಂದು ಹೆಂಡತಿಯನ್ನು ಕೇಳಿದ.

"ನನ್ನನ್ನ ಕೇಳಿದ್ರೆ? ಸ್ವೆಟರ್ ಇದೆಯಲ್ಲ, ಹಾಕ್ಕೊಂಡು ಹೋಗಿ," ಎಂದಳು ಅವಳು. ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಕಾಜಾ ಹೊಲಿಯುವ ಕೆಲಸ ಅವಳದು. ಇಡೀ ದಿನ ಗುಂಡಿ, ಕಾಜಾ ನೋಡಿ ಬಂದವಳಿಗೆ ಮನೆಯಲ್ಲೂ ಬಟ್ಟೆಯದೇ ಪುರಾಣ.

ಆ ಹಸಿರು ಸ್ವೆಟರನ್ನು ಮದುವೆಯಾದ ವರ್ಷ ಅವಳೇ ಹೆಣೆದದ್ದು. ಗಂಡ ಕಾರ್ಡು ಎಲ್ಲೆಂದರಲ್ಲಿ ಮರೆತು ಬರುತ್ತಾನೆಂದು ಒಳಗಡೆ ಎದೆಯ ಹತ್ತಿರ ಕಿಸೆಯನ್ನೂ ಇಟ್ಟಿದ್ದಳು, ಹಳದಿ ಕಾರ್ಡು ಕೆಂಪು ಕಾರ್ಡು ಹಿಡಿಸುವಷ್ಟೇ ಅಗಲ. ಭಾನುವಾರ ಬೆಳಿಗ್ಗೆ ಅವನು ಎರಡನ್ನೂ ಅದರೊಳಗೆ ಸೇರಿಸುತ್ತಿದ್ದ. ಸ್ವೆಟರ್ ತೊಟ್ಟೇ ವಾರ್ಮಪ್. ಆಟ ಶುರುವಾಗುವಾಗ ಗೆರೆಯ ಹತ್ತಿರ ಅದನ್ನು ಬಿಚ್ಚಿ, ಕಾರ್ಡುಗಳನ್ನು ಕಪ್ಪಂಗಿಯ ಜೇಬಿಗೆ ಹಾಕಿಕೊಂಡು ಓಡುತ್ತಿದ್ದ. ಹತ್ತೊಂಬತ್ತು ವರ್ಷ ಒಂದು ದಿನವೂ ಇದು ತಪ್ಪಿರಲಿಲ್ಲ.

ಬೇರೆ ದಾರಿ ಕಾಣದೆ ಈ ಭಾನುವಾರವೂ ಹಾಗೇ ಹೊರಟ. ಬಟ್ಟೆ ಬದಲಿಸುವ ಕೋಣೆಯಲ್ಲಿ ಷಡ್ಡಕ ಸಿಕ್ಕಿದ. ಹೊಟ್ಟೆ ಸ್ವಲ್ಪ ಮುಂದೆ ಬಂದ ಎಲೆಕ್ಟ್ರಿಷಿಯನ್, ಗೆರೆಯ ಬಾವುಟ ಹಿಡಿಯುವವನು. ಪೀಪಿಯನ್ನು ನೋಡಿದ್ದೇ ಬಾಯಿ ಬಡಿದುಕೊಂಡ.

"ಅಯ್ಯೋ ಭಾವ, ಇವತ್ತು ಒಂದು ಪಾರ್ಟಿಯೋರದ್ದು ಹಸಿರು ಅಂಗಿ! ಬಿಚ್ಚಿ ಬಿಚ್ಚಿ, ಸಾಹೇಬ್ರು ಆಗ್ಲೇ ಕುರ್ಚಿ ಹಾಕ್ಕೊಂಡು ಕೂತವ್ರೆ."

ಪೀಪಿ ಗಡಿಬಿಡಿಗೆ ಬಿದ್ದ. ಸ್ವೆಟರ್ ಬಿಚ್ಚಿದ, ಒಳಗೆ ಕಪ್ಪಂಗಿ. ಅದೂ ಸಲ್ಲದು, ಬಿಚ್ಚಿದ. ಬನಿಯನ್ನಿನಲ್ಲಿ ನಿಂತು ಸುತ್ತೋಲೆಯನ್ನು ಐದನೇ ಸಲ ಓದಿದ.

ಷಡ್ಡಕನ ಚೀಲದಲ್ಲಿ ಬೂದು ಬಣ್ಣದ ಮೂರು ಅಂಗಿಗಳಿದ್ದವು, ಬೆನ್ನ ಮೇಲೆ ದೊಡ್ಡ ಬಲ್ಬಿನ ಚಿತ್ರ. ಅವನು ತಂತಿ ಎಳೆದ ಕಟ್ಟಡದವರು ಕೊಟ್ಟದ್ದು. "ನೀವು ಹಾಕ್ಕೊಂಡ್ರೆ ಇದು ನಿಮ್ಮ ಸ್ವಂತದ್ದಲ್ಲ. ಇನ್ನೊಬ್ಬ ಬಾವುಟದೋನಿಗೂ ಸ್ವಂತದ್ದಲ್ಲ."

"ನೀನು ಹಾಕ್ಕೊಂಡ್ರೆ?"

ಷಡ್ಡಕ ತಲೆ ಕೆರೆದುಕೊಂಡ. ಕೊನೆಗೆ ತನ್ನ ಅಂಗಿಯನ್ನು ಪೀಪಿಗೆ ದಾನ ಕೊಟ್ಟಂತೆ ಮಾಡಿ, ಮತ್ತೆ ಅವನಿಂದ ಎರವಲು ಪಡೆದ. ಕಾನೂನು ಎಂದ ಮೇಲೆ ಕಾನೂನು ಕಣ್ರೀ!

ಅಷ್ಟರಲ್ಲಿ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅವಳು ಪಂದ್ಯಕ್ಕೆ ಬಂದದ್ದು ಅದೇ ಮೊದಲು. ಜನ ತನ್ನನ್ನು ಬೈಯುವುದು ಅವಳ ಕಿವಿಗೆ ಬೀಳಬಾರದೆಂದು ಅವನು ಯಾವತ್ತೂ ಕರೆದಿರಲಿಲ್ಲ. ಕಡೇ ಅವಕಾಶವಲ್ಲವೇ ಎಂದು ತಾನಾಗಿಯೇ ಬಂದಿದ್ದಳು. ಹೊರಗೆ ಚಳಿಗಾಳಿ, ಅವಳ ಹಲ್ಲು ಕಟಕಟ ಎನ್ನುತ್ತಿತ್ತು. ಪೀಪಿ ಸ್ವೆಟರನ್ನು ಅವಳ ಕೈಗೆ ತುರುಕಿ, "ಹಾಕ್ಕೋ, ಹೋಗಿ ಕೂತ್ಕೋ," ಎಂದು ಬಲ್ಬಿನ ಅಂಗಿಯಲ್ಲಿ ಮೈದಾನಕ್ಕೆ ಓಡಿದ. ವಾರ್ಮಪ್ ಮುಗಿಸಿ ಬಂದು ಕಪ್ಪಂಗಿ ತೊಟ್ಟು ಮತ್ತೆ ಓಡಿದ.

ಆಟ ಚೆನ್ನಾಗಿ ನಡೆಯಿತು. ಎಪ್ಪತ್ತು ನಿಮಿಷ ಒಂದು ಜಗಳವಿಲ್ಲ, ಒಂದು ಕಾರ್ಡಿಲ್ಲ. ಸಾಹೇಬರು ತಲೆಯಾಡಿಸುತ್ತ ಬರೆದುಕೊಳ್ಳುತ್ತಿದ್ದರು. ಆಮೇಲೆ ಕೆಂಪು ತಂಡದಲ್ಲಿ ಗೋಡೆ ಎಂದೇ ಕರೆಸಿಕೊಳ್ಳುವ ಧಡಿಯನೊಬ್ಬ ಹಿಂದಿನಿಂದ ಬಂದು ಎದುರಾಳಿಯ ಕಾಲಿಗೆ ಜಾಡಿಸಿ ಒದ್ದ. ಪೀಪಿ ಊದಿ, ನೇರ ಹೋಗಿ ಎದೆಯ ಜೇಬಿಗೆ ಕೈ ಹಾಕಿದ.

ಜೇಬು ಖಾಲಿ.

ಚಡ್ಡಿಯ ಜೇಬು ನೋಡಿದ, ಮತ್ತೆ ಎದೆ ಮುಟ್ಟಿಕೊಂಡ. ಗೋಡೆ ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದ. ಜನ ನಗತೊಡಗಿದರು.

ಗಂಡ ಎದೆ ತಡಕುವುದನ್ನು ಹೆಂಡತಿ ದೂರದಿಂದಲೇ ಕಂಡಳು. ತಾನೂ ತನ್ನ ಎದೆ ಮುಟ್ಟಿ ನೋಡಿಕೊಂಡಳು. ತಾನೇ ಇಟ್ಟ ಕಿಸೆ, ಒಳಗೆ ಗಟ್ಟಿಯಾಗಿ ಎರಡು ಕಾರ್ಡು. ಬಿದ್ದಂಬೀಳ ಓಡಿ ಬಂದು ಸುಣ್ಣದ ಗೆರೆಯಾಚೆ ನಿಂತು, ಎರಡು ಕೈಯಲ್ಲೂ ಒಂದೊಂದನ್ನು ಎತ್ತಿ ಹಿಡಿದಳು.

"ರೀ! ಯಾವ್ದು? ಹಳದಿನಾ, ಕೆಂಪಾ?"

ಮೈದಾನವೇ ಹೋ ಎಂದಿತು. ಪೀಪಿ ಓಡಿ ಹೋಗಿ ಎರಡನ್ನೂ ಇಸಿದುಕೊಂಡು ಬಂದು ಕೆಂಪನ್ನು ಎತ್ತಿ ತೋರಿಸಿದ. ಗೋಡೆ ಹೊರಗೆ ಹೋಗುವಾಗ ಅವಳ ಮುಂದೆ ನಿಂತು, "ಅಕ್ಕಾ, ಹಳದಿ ಒಂದನ್ನೇ ತರೋದಲ್ವಾ?" ಎಂದು ಮುಖ ಸಪ್ಪೆ ಮಾಡಿಕೊಂಡು ಕೇಳಿದ. ಅವಳಿಗೆ ನಿಜಕ್ಕೂ ಕೆಡುಕೆನಿಸಿತು.

ಪಂದ್ಯ ಮುಗಿದ ಮೇಲೆ ಸಾಹೇಬರು ಹಾಳೆ ಕೊಟ್ಟರು. 'ಕಾರ್ಡನ್ನು ಹೊರಗಿನ ವ್ಯಕ್ತಿಯಿಂದ ಪಡೆಯಲಾಯಿತು. ಬಡ್ತಿಗೆ ಅನರ್ಹ.' ಅದು ಬರುತ್ತದೆಂದು ಪೀಪಿಗೆ ಗೊತ್ತೇ ಇತ್ತು. ಆದರೆ ಮೇಲೊಂದು ಸಾಲಿತ್ತು: 'ವಾರ್ಮಪ್ ಉಡುಪು: ಅನ್ವಯಿಸುವುದಿಲ್ಲ.'

"ಸಾರ್, ಇದೇನ್ ಸಾರ್? ಮೂರು ಜನಾನೂ ಬೂದು ಬಣ್ಣ ಹಾಕಿದ್ವಲ್ಲ!"

"ಬಲ್ಬು ಯಾಕೆ ಅಂತ ನಾನೂ ಯೋಚಿಸ್ತಿದ್ದೆ," ಎಂದರು ಸಾಹೇಬರು. "ಆ ಸುತ್ತೋಲೆ ಮೊದಲನೇ, ಎರಡನೇ ದರ್ಜೆಯವರಿಗಪ್ಪ. ಹಿಂದಿನ ಪುಟದಲ್ಲಿದೆ. ನೀವು ನಿಮ್ಮ ಮಾಮೂಲಿ ಸ್ವೆಟರ್ ಹಾಕ್ಕೊಂಡಿದ್ರೂ ನಡೀತಿತ್ತು."

ಐದು ಸಲ ಓದಿದವನು ಒಂದು ಸಲವೂ ಹಾಳೆ ತಿರುಗಿಸಿರಲಿಲ್ಲ. ನಗಬೇಕೋ ಅಳಬೇಕೋ ತಿಳಿಯದೆ ಪೀಪಿ ಬಲ್ಬಿನ ಅಂಗಿಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

ಹೊರಗೆ ಹೆಂಡತಿ ಕಾಯುತ್ತಿದ್ದಳು. ಹಾಳೆ ಇಸಿದುಕೊಂಡು ಓದಿದಳು.

"ಹೊರಗಿನ ವ್ಯಕ್ತಿ ಅಂದ್ರೆ ನಾನಾ?"

"ಅವ್ರ ಲೆಕ್ಕದಲ್ಲಿ ಹಾಗೆ ಬರೀಬೇಕು ಕಣೇ."

"ನಾನು ಬರದೆ ಇದ್ದಿದ್ರೆ ನಿಮಗೆ ಬಡ್ತಿ ಸಿಕ್ತಿತ್ತು," ಎಂದು ಅವಳು ಸ್ವೆಟರ್ ಬಿಚ್ಚಲು ಹೋದಳು. ಕಣ್ಣಲ್ಲಿ ನೀರಾಡುತ್ತಿತ್ತು.

ಪೀಪಿ ಅವಳ ಕೈ ಹಿಡಿದು ತಡೆದ. ಅವನಿಗೆ ಆ ಹೊತ್ತು ತಲೆಯಲ್ಲಿ ಎಲ್ಲ ಕಲಸಿಹೋಗಿತ್ತು. ಒಂದು ಮಾತ್ರ ಚೆನ್ನಾಗಿ ನೆನಪಿತ್ತು. ಎಪ್ಪತ್ತು ನಿಮಿಷ ಅಷ್ಟು ಜನ ನೋಡುತ್ತಿದ್ದರೂ, ಅವನು ಎದೆ ಮುಟ್ಟಿಕೊಂಡಾಗ ಯಾಕೆಂದು ತಿಳಿದದ್ದು ಅವಳೊಬ್ಬಳಿಗೆ. ಕಾರ್ಡುಗಳನ್ನು ಜೇಬಿನಿಂದ ತೆಗೆದು ಅವಳ ಅಂಗೈಯಲ್ಲಿಟ್ಟ.

"ಒಳಗಿಟ್ಕೋ. ಮುಂದಿನ ಭಾನುವಾರಾನೂ ಬಾ."

"ಜನ ನಿಮ್ಮನ್ನ ಎಷ್ಟು ಕೆಟ್ಟದಾಗಿ ಬೈತಾರ್ರೀ," ಎಂದಳು ಅವಳು ಮೂಗೊರೆಸಿಕೊಳ್ಳುತ್ತ. "ಇಷ್ಟು ವರ್ಷ ಒಬ್ರೇ ಕೇಳಿಸ್ಕೊಂಡ್ರಾ?"

ಅವಳು ಕಾರ್ಡುಗಳನ್ನು ಕಿಸೆಗೆ ಸೇರಿಸಿದಳು. ಇಬ್ಬರೂ ಬಸ್ಸಿಗೆ ನಡೆದರು.