ಗುರಪ್ಪ ಕಾಕಾನ ಎರಡು ಕಚ್ಚು

ಅಕ್ಕಲಕೋಟೆಯ ನನ್ನ ಮೆಡಿಕಲ್ ಅಂಗಡಿಗೆ ತರಬೇತಿಗೆ ಬರುತ್ತಿರುವ ಪೂಜಾ ಇವತ್ತು ತನ್ನ ತರಬೇತಿ ಮುಗಿದ ಫಾರ್ಮನ್ನು ಮುಂದಿಟ್ಟಳು. ಠಸ್ಸೆಯ ಡಬ್ಬಿ ತೆರೆದೆ. ಮಸಿಯ ವಾಸನೆ ಮೂಗಿಗೆ ಬಡಿಯಿತು.

"ಮ್ಯಾಡಮ್, ಇಲ್ಲಿ ಸ್ಟೈಪೆಂಡ್ ಎಷ್ಟ ಕೊಟ್ಟಾರ ಅಂತ ಅದ. ಗೆಳತ್ಯಾರೆಲ್ಲ ಬರೇ ಗೆರಿ ಎಳದಾರ. ನಾನೂ ಎಳೀಲೇನ್ರಿ?"

ಆ ಗೆರೆ ನನಗೆ ಹಳೆಯ ಪರಿಚಯ, ಓದುಗರೇ. ಎರಡೇ ವರ್ಷದಲ್ಲಿ ಮುಗಿಯುವ ಫಾರ್ಮಸಿ ಡಿಪ್ಲೊಮಾ ಓದಿ, ಐದು ನೂರು ತಾಸಿನ ತರಬೇತಿಗೆಂದು ನಾನೂ ಸೊಲ್ಲಾಪುರದ ಒಂದು ಮೆಡಿಕಲ್‌ಗೆ ಹೋಗುತ್ತಿದ್ದೆ. ಮೊಣಕಾಲು ದಾಟುವ ಬಿಳಿ ಕೋಟನ್ನು ರೈಲಿನಲ್ಲೇ ತೊಟ್ಟು ಕೂರುವ ಹುಚ್ಚು ಬೇರೆ. ಹೋಟಗಿಯಲ್ಲಿ ಹತ್ತಿದ ಅಜ್ಜಿಯೊಬ್ಬಳು ಡಾಕ್ಟರೆಂದು ತಿಳಿದು ನಾಲಿಗೆ ಚಾಚಿದಾಗ, ಇಲ್ಲವೆನ್ನಲು ಮನಸ್ಸಾಗದೆ ಗಂಭೀರವಾಗಿ ನೋಡಿದ್ದೂ ಉಂಟು. ಅಂಗಡಿ ಮುಟ್ಟಿದೊಡನೆ ಆ ಠೀವಿ ಇಳಿಯುತ್ತಿತ್ತು. ಔಷಧದ ಖೋಕಾ ಹೊರುವಾಗ ನಾನು ಕೆಲಸದವಳು, ಪಗಾರ ಕೇಳಿದರೆ ಅಂಗಡಿಯ ಮಾಲೀಕ ಶೇಠರು, "ನೀ ಕಲಿಯಾಕ ಬಂದಾಕಿ, ಪಗಾರ ಎಲ್ಲೀದು?" ಎನ್ನುತ್ತಿದ್ದರು.

ಕಲಿಸಿದವರು ಗುರಪ್ಪ ಕಾಕಾ. ಬೋರಾಮಣಿ ಊರಿನವರು, ಆ ಕೌಂಟರಿನ ಹಿಂದೆಯೇ ತಲೆ ನೆರೆದವರು. ಹಾಜರಿ ಪುಸ್ತಕದಲ್ಲಿ ಮಾತ್ರ ಅವರು 'ಹೆಲ್ಪರ್'. ಗೋಡೆಯ ಚೌಕಟ್ಟಿನೊಳಗಿದ್ದ ಸರ್ಟಿಫಿಕೇಟು ಬೇರೊಬ್ಬರದು. ಅಂಗಡಿಗೆ ಬರೀ ಹೆಸರು ಕೊಟ್ಟಿದ್ದ ಆ ಫಾರ್ಮಸಿಸ್ಟರ ಮುಖವನ್ನು ನಾನು ಒಮ್ಮೆಯೂ ಕಾಣಲಿಲ್ಲ. ಓದು ಬಾರದವರಿಗೆ ಮಾತ್ರೆ ಕೊಡುವಾಗ ಕಾಕಾ ಕತ್ತರಿಯಿಂದ ಬೆಳಗಿನ ಮಾತ್ರೆಯ ಪಟ್ಟಿಯ ಅಂಚಿಗೆ ಒಂದು ಕಚ್ಚು, ರಾತ್ರಿಯ ಪಟ್ಟಿಗೆ ಎರಡು ಕಚ್ಚು ಹಾಕುತ್ತಿದ್ದರು.

"ಕಣ್ಣ ಮಂಜಾದ್ರೂ ಬೆರಳಿಗೆ ತಿಳೀತದ, ತಂಗಿ. ಎಕ್ಸ್‌ಪೈರಿ ತಾರೀಖಿಗೆ ಮಾತ್ರ ಕತ್ರಿ ತಾಗಬಾರದ ನೋಡು."

ಕೊನೆಯ ದಿನ ನನ್ನ ಫಾರ್ಮು ತುಂಬುತ್ತಿದ್ದೆ. ಸ್ಟೈಪೆಂಡಿನ ಮುಂದೆ ಗೆರೆ ಎಳೆದೆ. 'ತರಬೇತಿ ನೀಡಿದ ಫಾರ್ಮಸಿಸ್ಟ್' ಎಂಬಲ್ಲಿ ಗೋಡೆಯ ಮೇಲಿನ ಹೆಸರನ್ನು ನೋಡಿ ಬರೆದೆ. ಕಾಕಾ ಕನ್ನಡಕ ಏರಿಸಿ ಬಗ್ಗಿದರು.

"ಕಲಿಸಿದವರು ಅಂತ ನನ್ನ ಹೆಸರ ಎಲ್ಲ್ಯಾರ ಒಂದ ಮೂಲ್ಯಾಗ ಬರಂಗಿಲ್ಲೇನ?"

"ನೀವು ಫಾರ್ಮಸಿಸ್ಟ್ ಅಲ್ಲಲ್ರಿ ಕಾಕಾ. ಫಾರ್ಮ್ ವಾಪಸ್ ಬರ್ತದ."

ಸುಳ್ಳೇನೂ ಹೇಳಲಿಲ್ಲ. ಆದರೆ ನಗುತ್ತ ಹೇಳಿದೆ. ಅದು ಇವತ್ತಿಗೂ ಚುಚ್ಚುತ್ತದೆ. "ಖರೇ ಅದ" ಎಂದು ಅವರೇ ಠಸ್ಸೆಯನ್ನು ಮಸಿಗೆ ಒತ್ತಿ ನನ್ನ ಕೈಗೆ ಕೊಟ್ಟರು. ಸ್ವಂತ ಅಂಗಡಿ ಹಾಕಿದ ಮೇಲೆ ಅವರನ್ನು ಕರೆಸಿಕೊಳ್ಳಬೇಕೆಂದಿದ್ದೆ. ಹಾಕುವಷ್ಟರಲ್ಲಿ ಅವರು ತೀರಿಹೋಗಿದ್ದರು.

ನಾಚಿಕೆ ಬಿಟ್ಟು ಹೇಳುತ್ತೇನೆ, ಪೂಜಾಳಿಗೆ ನಾನೂ ಈವರೆಗೆ ಚಹಾ, ಭಜಿ ಬಿಟ್ಟರೆ ಏನೂ ಕೊಟ್ಟಿರಲಿಲ್ಲ. "ಗೆರಿ ಎಳೀಬ್ಯಾಡ" ಎಂದೆ. ಇಡೀ ತರಬೇತಿಯ ಪಗಾರವನ್ನು ಅವಳ ಕೈಗಿಟ್ಟು, ಅಂಕಿಯಲ್ಲೂ ಅಕ್ಷರದಲ್ಲೂ ಬರೆಸಿ, ಠಸ್ಸೆ ಒತ್ತಿದೆ.

ಆಮೇಲೆ, ನಾನು ಕಲಿಸಿದಂತೆ, ಗಿರಾಕಿಯೊಬ್ಬರ ರಾತ್ರಿಯ ಮಾತ್ರೆಯ ಪಟ್ಟಿಗೆ ಎರಡು ಕಚ್ಚು ಹಾಕುತ್ತ ಅವಳು ಕೇಳಿದಳು: "ಇದು ನಮ್ಮ ಪುಸ್ತಕದಾಗ ಇಲ್ರಿ. ನಿಮಗ ಯಾರ ಕಲಿಸಿದ್ರು?"

"ಗುರಪ್ಪ ಕಾಕಾ."

"ಅವರು ಫಾರ್ಮಸಿಸ್ಟ್ ಇದ್ರೇನ್ರಿ?"

"ಹೌದು" ಎಂದೆ. ಅದನ್ನು ಕೇಳಬೇಕಾದವರು ಇರಲಿಲ್ಲ.